ಆರನೇ ಪ್ರಶ್ನೆ

ಹೆಡ್‌ಫೋನಿನ ಎಡಗಡೆಯ ಮೆತ್ತೆ ಹರಿದು ತಿಂಗಳಾಗಿತ್ತು. ಹೊಸದು ಬೇಕೆಂದು ಅರ್ಜಿ ಕೊಟ್ಟರೆ ಸಂಜೆಯೊಳಗೆ ಮೇಜಿಗೆ ಬರುತ್ತದೆ, ಆದರೆ ಅರ್ಜಿ ಎಂಬ ಮಾತು ಕೇಳಿದರೇ ಅವನ ಅಂಗೈ ಇವತ್ತಿಗೂ ಬೆವರುತ್ತದೆ. ಆದ್ದರಿಂದ ಹರಿದ ಮೆತ್ತೆಯನ್ನೇ ಕಿವಿಗೆ ಒತ್ತಿಕೊಂಡು ಬೆಳಿಗ್ಗೆ ಒಂಬತ್ತೂವರೆಯಿಂದ ಒಬ್ಬ ಮುದುಕನ ಮಾತು ಕೇಳುತ್ತಿದ್ದ. ಮುದುಕ ಕ್ಷೌರಿಕ. ನಿಧಾನದ ಮನುಷ್ಯ. ಗಿರಾಕಿಯ ತಲೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡುವ ಹಾಗೆ ಪ್ರತಿ ಪ್ರಶ್ನೆಯನ್ನೂ ನೋಡಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಬಾಯಿ ಬಿಡುತ್ತಿದ್ದ. ಐದು ಪ್ರಶ್ನೆಗಳಿಗೆ ಸರಿಯಾಗಿಯೇ ಹೇಳಿದ. ಆರನೆಯದು ಬಂತು: ನಿಮ್ಮೂರಿನಿಂದ ಎದುರು ದಡದ ಊರಿಗೆ ಹೇಗೆ ಹೋಗುತ್ತೀರಿ? ಮುದುಕ ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ. "ಸೇತುವೆ ಮೇಲೆ ನಡ್ಕೊಂಡು ಹೋಗ್ತೀನಿ. ಬಸ್ಸೂ ಇದೆ. ನನಗೆ ಬಸ್ಸು ಆಗ್ಬರಲ್ಲ, ತಲೆ ಸುತ್ತುತ್ತೆ," ಅಂದ. ಕೇಳುತ್ತಿದ್ದವನು ಯಂತ್ರ ನಿಲ್ಲಿಸಿದ. ಸೇತುವೆ ಎಂದವರು ಈ ತಿಂಗಳಲ್ಲಿ ಈ ಮುದುಕನೂ ಸೇರಿ ಇಬ್ಬರಾದರು.

ಅವನ ಕೆಲಸ ಕೇಳುವುದು. ಆಫೀಸಿನಲ್ಲಿ ಅವನನ್ನು ಎಲ್ಲರೂ 'ಕಿವಿ' ಎನ್ನುತ್ತಾರೆ, ಅವನೂ ಓಗೊಡುತ್ತಾನೆ. ಕಾಗದ ಪತ್ರ ಏನೂ ಇಲ್ಲದೆ ಈ ದೇಶಕ್ಕೆ ಬಂದು ತಾನು ಇಂಥ ದೇಶದವನು, ನನಗೆ ನೆರಳು ಕೊಡಿ ಎಂದು ಕೇಳುವವರನ್ನು ಕೆಳಗಿನ ಮಹಡಿಯಲ್ಲಿ ಕೂರಿಸಿ, ದುಭಾಷಿಯನ್ನಿಟ್ಟು, ಹತ್ತು ಪ್ರಶ್ನೆ ಕೇಳುತ್ತಾರೆ. ಉತ್ತರಗಳು ಧ್ವನಿಯಾಗಿ ಮೇಲಕ್ಕೆ ಬರುತ್ತವೆ; ಮುಖ ಬರುವುದಿಲ್ಲ, ಹೆಸರು ಬರುವುದಿಲ್ಲ. ಇವನು ಕೇಳಿ ಬರೆಯಬೇಕು: ಹೌದು, ಅಲ್ಲಿಯವನು; ಇಲ್ಲವೇ ಅಲ್ಲ, ಅಲ್ಲಿಯವನಲ್ಲ. ಅವನು ಹುಟ್ಟಿದ ದೇಶದ್ದೂ ಅದರ ಗಡಿಯಾಚೆಯ ದೇಶದ್ದೂ ಮಾತು ಒಂದೇ, ಬೈಗುಳವೂ ಒಂದೇ. ಗಡಿಯ ಈಚೆಯವರಿಗೆ ಓಡಿಬರಲು ಕಾರಣವಿದೆ ಎಂದು ಈ ದೇಶ ಒಪ್ಪಿಕೊಂಡಿದೆ, ಆಚೆಯವರಿಗೆ ಇಲ್ಲ ಎಂದೂ ಒಪ್ಪಿಕೊಂಡಿದೆ. ಹೀಗಾಗಿ ಆಚೆಯವರು ಈಚೆಯವರೆಂದು ಹೇಳಿಕೊಂಡು ಬರುತ್ತಾರೆ, ಅವರನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಲು ಇವನಿದ್ದಾನೆ. ಊರೂರಿಗೂ ಬೇರೆ ಬೇರೆ ಹತ್ತು ಪ್ರಶ್ನೆ. ಅವನ್ನು ವರ್ಷಕ್ಕೊಮ್ಮೆ ನಕ್ಷೆ ಹಿಡಿದು, ಪತ್ರಿಕೆ ಓದಿ, ಫೋನು ಮಾಡಿ ತಿದ್ದುತ್ತಾನೆ. ಅದರಲ್ಲಿ ಅವನನ್ನು ಯಾರೂ ದೂರುವಂತಿಲ್ಲ. ತಿದ್ದದೇ ಬಿಟ್ಟ ಪ್ರಶ್ನೆಗಳೆಂದರೆ ಒಂದೇ ಊರಿನವು, ಅವನದೇ ಊರಿನವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದುಕೊಂಡಿದ್ದ. ಅವನ ಅಪ್ಪ ಆ ಹೊಳೆಯ ಅಂಬಿಗ. ಅಪ್ಪನ ಅಪ್ಪನೂ ಅಂಬಿಗ. ಆ ಊರಿನಲ್ಲಿ ಎದುರು ದಡಕ್ಕೆ ಹೋಗುವುದೆಂದರೆ ಅಪ್ಪನ ದೋಣಿ ಹತ್ತುವುದು, ಬೇರೆ ದಾರಿಯೇ ಇಲ್ಲ.

ಈ ತಿಂಗಳು ಮೊದಲು ಸೇತುವೆ ಎಂದವಳು ಒಬ್ಬ ಹೊಲಿಗೆಯವಳು, ಎದುರು ದಡದ ಊರಿನವಳೆಂದು ಹೇಳಿಕೊಂಡವಳು; ಎರಡೂ ದಡಕ್ಕೆ ಅವೇ ಹತ್ತು ಪ್ರಶ್ನೆ. ಮೂರು ವಾರದ ಹಿಂದಿನ ಮಾತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ರೂಢಿಯಾದವಳಂತೆ ತುಟಿ ಬಿಗಿಹಿಡಿದು ಮಾತಾಡಿದ್ದಳು. ಆರನೇ ಪ್ರಶ್ನೆಗೆ ನಕ್ಕಿದ್ದಳು. "ಹೊಳೆ ದಾಟೋದಾ? ಬಸ್ಸಲ್ಲಿ ಕೂತು ಒಂದು ಆಕಳಿಕೆ ತೆಗೆಯೋದ್ರೊಳಗೆ ಸೇತುವೆ ಮುಗಿದಿರುತ್ತೆ." ಆ ನಗು ಅವನಿಗೆ ಮೈ ಉರಿಸಿತ್ತು. ಗಡಿಯಾಚೆ ಯಾವನೋ ದಲ್ಲಾಳಿ ಹೇಳಿಕೊಟ್ಟದ್ದನ್ನು ಒಪ್ಪಿಸಲು ಬಂದು, ಅದರ ಮೇಲೆ ನಗೆ ಬೇರೆ. ನನ್ನ ಕಿವಿಯ ಮೇಲೇ ಹೂ ಇಡುತ್ತೀಯಾ ಎಂದುಕೊಂಡು, ಮೂರು ಸಲ ಕೇಳಿ, ವರದಿ ಬರೆದಿದ್ದ. ಉಳಿದ ಒಂಬತ್ತು ಉತ್ತರಗಳಲ್ಲಿ ಎಂಟು ಸರಿಯಿದ್ದವು. ಅವುಗಳ ಬಗ್ಗೆ ಬರೆಯುವಾಗ ಅವನ ಭಾಷೆ ಸಪ್ಪೆಯಾಗಿತ್ತು. ಆರನೆಯದಕ್ಕೆ ಬಂದಾಗ ಪೆನ್ನು ತಾನೇ ಓಡಿತ್ತು: ಈ ಒಂದು ಉತ್ತರವೇ ಸಾಕು, ಆ ದಡದಲ್ಲಿ ಬೆಳೆದ ಯಾರೂ ಈ ತಪ್ಪು ಮಾಡಲಾರರು, ಈಕೆ ಗಡಿಯಾಚೆಯವಳು. ಪರಭಾಷೆಯಲ್ಲಿ ಅಷ್ಟು ದಿಟ್ಟವಾದ ವಾಕ್ಯವನ್ನು ಅವನು ಅದುವರೆಗೆ ಬರೆದಿರಲಿಲ್ಲ. ಮನೆಗೆ ಹೋಗುವಾಗ ರೈಲಿನಲ್ಲಿ ಅದನ್ನೇ ಎರಡು ಸಲ ಮನಸ್ಸಿನಲ್ಲಿ ಓದಿಕೊಂಡಿದ್ದ.

ಈಗ ಅವಳ ಫೈಲು ಮತ್ತೆ ಮೇಜಿನ ಮೇಲಿತ್ತು. ಅದರ ಮೇಲೊಂದು ಹಳದಿ ನಮೂನೆ. ನಿಮ್ಮ ವರದಿಗೆ ಬದ್ಧರಾಗಿದ್ದೀರಾ? ಬದಲಾವಣೆ ಇಲ್ಲ, ಒಂದು ಚೌಕ. ಬದಲಾವಣೆ ಇದೆ, ಇನ್ನೊಂದು ಚೌಕ, ಅದರ ಮುಂದೆ ಕಾರಣ ಬರೆಯಲು ಮೂರು ಗೆರೆ. ಈ ದಿನ ಸಂಜೆ ನಾಲ್ಕರೊಳಗೆ ಸಹಿ ಮಾಡಿ ಮೇಲಧಿಕಾರಿಗೆ ತಲುಪಿಸಬೇಕು. ಯಾರನ್ನಾದರೂ ದೇಶದಿಂದ ಹೊರಗೆ ಕಳಿಸುವ ಮೊದಲು ಇಂಥದೊಂದು ನಮೂನೆ ಬರುತ್ತದೆ. ಹನ್ನೊಂದು ವರ್ಷದಲ್ಲಿ ಅವನು ಮೊದಲ ಚೌಕ ಬಿಟ್ಟು ಇನ್ನೊಂದಕ್ಕೆ ಗುರುತು ಹಾಕಿದ್ದಿಲ್ಲ. ಕ್ಷೌರಿಕ ಬಾಯಿ ಬಿಡದೇ ಇದ್ದಿದ್ದರೆ ಒಂಬತ್ತೂವರೆಗೇ ಗುರುತು ಹಾಕಿ ಕಳಿಸಿ, ಕಾಫಿ ಕುಡಿಯುತ್ತಿದ್ದ.

ಇಬ್ಬರಿಗೂ ಒಬ್ಬನೇ ದಲ್ಲಾಳಿ ಪಾಠ ಹೇಳಿರಬಹುದು. ಹಾಗೆಂದುಕೊಂಡು ಮುಂದಿನ ನಾಲ್ಕು ಉತ್ತರ ಕೇಳಿದ. ಕ್ಷೌರಿಕ ಶಾಲೆಯ ಹಿಂದಿನ ಮುಚ್ಚಿದ ಬಾವಿಯ ಬಗ್ಗೆ ಹೇಳಿದ. ಆ ಬಾವಿಯನ್ನು ಮುಚ್ಚಿದ್ದು ಯಾವಾಗ? ತಾನು ಊರಲ್ಲಿದ್ದಾಗ ಅದರಲ್ಲಿ ನೀರಿತ್ತು. ಇವನು ಅದರೊಳಗೆ ಅಕ್ಕನ ಬಳೆ ಬೀಳಿಸಿ ಹೊಡೆತ ತಿಂದಿದ್ದ. ಬಳೆ ಇನ್ನೂ ಅಲ್ಲೇ ಇರಬೇಕು. ಅಪ್ಪನ ದೋಣಿಯ ವಿಷಯ ಇಲ್ಲಿನವರಿಗೆ ಮೊದಲು ಹೇಳಿದ್ದು ಇದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ, ಹದಿನಾರು ವರ್ಷದ ಹಿಂದೆ, ಬೆವರಿದ ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತ. ಆಗ ಮೇಲೆ ಕೂತು ಕೇಳುತ್ತಿದ್ದವರು ಯಾರೋ ಏನೋ. ನೀನು ಆ ಊರಿನವನು ಎಂದು ಹೇಗೆ ನಂಬೋದು ಎಂದು ಕೇಳಿದಾಗ ಅವನಿಗೆ ಬೇರೆ ಏನೂ ತೋಚದೆ ದೋಣಿಯ ಬಗ್ಗೆ ಹೇಳಿದ್ದ: ಹಗ್ಗ ಕಟ್ಟುವ ಕಲ್ಲು, ಮಳೆಗಾಲದಲ್ಲಿ ನೀರು ಏರುವ ಮೆಟ್ಟಿಲು, ಬಿದಿರ ಗಳುವಿನ ತುದಿಗೆ ಹೊಡೆದ ಕಬ್ಬಿಣದ ಬಳೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟಿದ್ದ. ಎರಡು ತಿಂಗಳಲ್ಲಿ ಕಾಗದ ಕೈಗೆ ಬಂತು. ಆ ಕಾಗದದ ಷರತ್ತು ಒಂದೇ, ಊರಿಗೆ ಹೋಗಕೂಡದು. ಹೋದರೆ ಓಡಿಬಂದ ಕಾರಣವೇ ಸುಳ್ಳೆಂದಾಗುತ್ತದೆ. ಐದು ವರ್ಷ ಕಳೆದು ಇದೇ ಕೆಲಸ ಸಿಕ್ಕಾಗ ತನ್ನೂರಿನ ಪ್ರಶ್ನೆಗಳನ್ನು ಬರೆಯಲು ಕೂತು, ಆರನೆಯದಾಗಿ ದೋಣಿಯನ್ನೇ ಇಟ್ಟ.

"ಕಿವಿ ಇವತ್ತು ಬಾಯಿ ಬಿಡ್ತಾ ಇಲ್ಲ," ಎಂದಳು ಪಕ್ಕದ ಮೇಜಿನವಳು. ಅವಳು ಇನ್ನೊಂದು ದೇಶದವಳು, ಆ ದೇಶದವರ ಮಾತು ಕೇಳುವವಳು. ಅವಳು ಓದಲು ಬಂದು ಇಲ್ಲೇ ಮದುವೆಯಾಗಿ ನಿಂತವಳಾದ್ದರಿಂದ ಅವಳಿಗೆ ಷರತ್ತಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬಂದು ಒಂದು ವಾರ ಎಲ್ಲರಿಗೂ ಕತೆ ಹೇಳುತ್ತಾಳೆ.

"ನಿನ್ನ ಊರಲ್ಲಿ ಏನಾದ್ರೂ ಬದಲಾದ್ರೆ ನಿನಗೆ ಗೊತ್ತಾಗುತ್ತಾ?" ಎಂದು ಕೇಳಿದ.

"ಏನಾದ್ರೂ ಅಂದ್ರೆ? ಹೋದ ಸಲ ನಮ್ಮ ಅಮ್ಮನ ಮನೆ ಬೀದಿಯಲ್ಲೇ ದಾರಿ ತಪ್ಪಿದೆ. ಅಂಗಡಿಯವನನ್ನ ಕೇಳಿದ್ರೆ ನನ್ನ ಮುಖ ನೋಡಿ ನನಗೆ ಇಂಗ್ಲಿಷಲ್ಲಿ ದಾರಿ ಹೇಳಿದ. ಥೂ!" ಎಂದು ನಕ್ಕಳು. "ಯಾಕೆ, ನಿಮ್ಮೂರು ಬದಲಾಯ್ತಾ?"

"ನಮ್ಮೂರಲ್ಲಿ ಏನು ಬದಲಾಗುತ್ತೆ," ಎಂದ. ವಾರಕ್ಕೊಮ್ಮೆ, ಗುರುವಾರ, ಅಪ್ಪನಿಗೆ ಫೋನು ಮಾಡುವವನು ಅವನು. ಹದಿನಾರು ವರ್ಷದಲ್ಲಿ ಒಂದು ಗುರುವಾರ ತಪ್ಪಿಸಿದವನಲ್ಲ. ಅಪ್ಪಾ, ದೋಣಿ ಹೇಗಿದೆ? ಚೆನ್ನಾಗಿದೆ ಮಗಾ, ಇವತ್ತು ಏಳು ಸಲ ಹೋಗಿ ಬಂದೆ. ನೀರು? ನೀರು ಇಳಿದಿದೆ, ಗಳು ತಳ ಮುಟ್ಟುತ್ತೆ. ಅಪ್ಪ ಬರೀ ಸಂಖ್ಯೆ ಹೇಳಿ ಬಿಡುವವನಲ್ಲ. ಹೋದ ವರ್ಷ ಯಾರೋ ಹಸುವನ್ನು ದೋಣಿಗೆ ಹತ್ತಿಸಿದ್ದು, ಅದು ನಡುನೀರಿನಲ್ಲಿ ಹಾರಿದ್ದು, ಅದರ ಹಿಂದೆ ಅದರ ಒಡೆಯನೂ ಹಾರಿದ್ದು, ಕೊನೆಗೆ ಹಸುವೇ ಒಡೆಯನನ್ನು ದಡಕ್ಕೆ ಎಳೆದು ತಂದದ್ದು ಹೇಳಿದ್ದ. ಆ ಕತೆಯನ್ನು ಇವನು ಮಗಳ ಶಾಲೆಯಲ್ಲಿ, ಅಪ್ಪ ಅಮ್ಮಂದಿರು ಬಂದು ತಮ್ಮ ಊರಿನ ಬಗ್ಗೆ ಹೇಳುವ ದಿನ, ಮಕ್ಕಳೆದುರು ನಿಂತು ಹೇಳಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ದಾರಿಯಲ್ಲಿ ಮಗಳು, ಅಪ್ಪಾ ನೀನು ಇಲ್ಲಿನ ಭಾಷೇಲಿ ದೋಣಿ ಅನ್ನೋದಕ್ಕೆ ಬಳಸಿದ ಪದ ಈಗ ಯಾರೂ ಬಳಸಲ್ಲ, ಅದಕ್ಕೇ ನಕ್ಕಿದ್ದು, ಹಸುವಿಗಲ್ಲ ಅಂದಳು.

ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಇಳಿದ ಮೇಲೆ ಮೆಟ್ಟಿಲ ತಿರುವಿನಲ್ಲಿ ನಿಂತು ಅಕ್ಕನಿಗೆ ಫೋನು ಹಚ್ಚಿದ. ಅಪ್ಪ ಇರುವುದು ಅಕ್ಕನ ಮನೆಯಲ್ಲೇ. ಅಲ್ಲಿ ಆಗಿನ್ನೂ ಬೆಳಗಿನ ಹೊತ್ತು. ಹಿಂದಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಏನೋ ಈ ಹೊತ್ತಲ್ಲಿ? ಎಲ್ಲ ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀವಿ. ಅಕ್ಕಾ, ಒಂದು ಕೇಳ್ತೀನಿ, ಸುಮ್ನೆ ಹೇಳು. ನಮ್ಮ ಹೊಳೆಗೆ ಸೇತುವೆ ಆಗಿದೆಯಾ?"

ಪಾತ್ರೆಯ ಸದ್ದು ನಿಂತಿತು. "ಯಾರು ಹೇಳಿದ್ರು ನಿಂಗೆ?"

"ಆಗಿದೆಯಾ, ಇಲ್ವಾ?"

"ಆಗಿ ಒಂಬತ್ತು ವರ್ಷ ಆಯ್ತು ಕಣೋ. ನನ್ನ ಕಿರೀ ಮಗ ಹುಟ್ಟಿದ ವರ್ಷ."

ಕೆಳಗಿನಿಂದ ಊಟದ ಮನೆಯ ತಟ್ಟೆ ಚಮಚಗಳ ಗಲಾಟೆ ಏರಿ ಬರುತ್ತಿತ್ತು. "ಮತ್ತೆ ಅಪ್ಪ ಪ್ರತಿ ವಾರ ಏಳು ಸಲ ಹೋಗಿ ಬಂದೆ, ಎಂಟು ಸಲ ಹೋಗಿ ಬಂದೆ ಅಂತಾನಲ್ಲ?"

"ಅದನ್ನ ಅಪ್ಪನ್ನೇ ಕೇಳು. ಸೇತುವೆ ಮೇಲೆ ಬಸ್ಸು ಬಿಟ್ಟ ವಾರ ನೀನು ಫೋನ್ ಮಾಡ್ದೆ. ಇವತ್ತು ಹೇಳ್ತಾನೆ ಅಂತ ನಾವೆಲ್ಲ ಸುತ್ತ ಕೂತಿದ್ವಿ. ನೀನು ದೋಣಿ ಹೇಗಿದೆ ಅಂದೆ. ಚೆನ್ನಾಗಿದೆ ಅಂದುಬಿಟ್ಟ. ಫೋನ್ ಇಟ್ಟು ನಮ್ಮ ಕಡೆ ತಿರುಗಿ, ಅವನಿಗೆ ಯಾರಾದ್ರೂ ಹೇಳಿದ್ರೆ ನಾಲಿಗೆ ಸೀಳ್ತೀನಿ ಅಂದ. ಮುಂದಿನ ವಾರ ನೀನು ಮತ್ತೆ ಅದೇ ಕೇಳ್ದೆ. ನೀನು ಕೇಳೋದೂ ಅದೊಂದನ್ನೇ ತಾನೇ? ನಿಮ್ಮ ಭಾವನ ಕಾಲು ಮುರಿದು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ರು. ಗೊತ್ತಾ ನಿಂಗೆ?"

"ನೀನು ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಅಕ್ಕನೇ ಮೆತ್ತಗಾದಳು. "ಬೇಜಾರ್ ಮಾಡ್ಕೋಬೇಡ. ದೋಣಿ ದಡದ ಮೇಲೆ ಬೋರಲು ಹಾಕಿದೆ. ದಿನಾ ಬೆಳಿಗ್ಗೆ ಹೋಗಿ ಅದರ ಪಕ್ಕ ಕೂತು ಬರ್ತಾನೆ. ಅದರಡಿ ನಮ್ಮ ಕೋಳಿ ಮೊಟ್ಟೆ ಇಡ್ತವೆ, ತಂದು ಕೊಡ್ತಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಇಲ್ಲಿ ಹೊಳೆ ದಾಟೋಕೆ ಮುಂಚೇನೇ ಅವನ ಹಂಗು ತೀರಿಹೋಯ್ತು. ಅವನು ಮುಖ ತೋರಿಸೋ ಫೋನ್ ಬೇಡ ಅಂತಿದ್ದದ್ದು ಅದಕ್ಕೇ. ನೀನು ಕೇಳ್ದೆ ಅಂತ ಅವನಿಗೆ ಹೇಳಬೇಡ್ವೋ, ಸತ್ತೇ ಹೋಗ್ತಾನೆ."

ಹೇಳಲ್ಲ ಎಂದ. ಗಡಿಯಾರ ನೋಡಿದ. ಒಂದಕ್ಕೆ ಹತ್ತು ನಿಮಿಷವಿತ್ತು.

ಹೊಲಿಗೆಯವಳು ಸುಳ್ಳು ಹೇಳಿರಲಿಲ್ಲ. ಇದು ಅವನಿಗೆ ಮೆಟ್ಟಿಲ ಮೇಲೇ ಗೊತ್ತಾಗಿತ್ತು, ಒಂದಿಷ್ಟೂ ಅನುಮಾನವಿರಲಿಲ್ಲ. ಅವಳು ಅವನ ಊರಿನ ಎದುರು ದಡದವಳು. ಅವಳು ಚಿಕ್ಕವಳಿದ್ದಾಗ ಅಪ್ಪನ ದೋಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರಬೇಕು, ಗಳು ಹಿಡಿದ ಇವನನ್ನು ನೋಡಿರಲೂ ಬೇಕು. ಎದ್ದು ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋಗಿ, ತಪ್ಪಾಗಿದೆ, ನನ್ನದೇ ತಪ್ಪು, ಅವಳನ್ನು ಕಳಿಸಬೇಡಿ ಎಂದರೆ ಮುಗಿಯಿತು. ಐದೇ ಶಬ್ದದ ಕೆಲಸ. ಅವನು ಮೇಜಿಗೆ ಹೋಗಿ ಕೂತ. ಎರಡನೇ ಚೌಕದ ಮುಂದಿನ ಮೂರು ಗೆರೆಗಳನ್ನು ನೋಡಿದ. ಬೇರೆ ಹಾಳೆಯಲ್ಲಿ ಮೊದಲು ಬರೆದು ನೋಡೋಣವೆಂದು ಬರೆದ: ಸೇತುವೆ ಇರುವುದು ನನಗೆ ಗೊತ್ತಿರಲಿಲ್ಲ. ಹೊಡೆದು ಹಾಕಿದ. ಇತ್ತೀಚೆಗೆ ಸೇತುವೆ ಕಟ್ಟಲಾಗಿದೆ ಎಂದು ತಿಳಿದುಬಂದಿದೆ. ಇತ್ತೀಚೆಗೆ ಎಂದರೆ ಒಂಬತ್ತು ವರ್ಷವೇ? ಅದನ್ನೂ ಹೊಡೆದ. ತನ್ನ ಊರಿಗೆ ಸೇತುವೆಯಾದದ್ದು ಒಂಬತ್ತು ವರ್ಷ ತಿಳಿಯದವನು ಆ ಊರಿನ ಬಗ್ಗೆ ತಿಳಿದವನೆಂದು ಸಂಬಳ ತಿನ್ನುತ್ತಿದ್ದಾನೆ ಎಂದು ಓದುವವರಿಗೆ ಅನ್ನಿಸದೇ ಇರುವ ಹಾಗೆ ಒಂದು ವಾಕ್ಯ ಬೇಕಿತ್ತು. ಅಂಥ ವಾಕ್ಯ ಯಾವ ಭಾಷೆಯಲ್ಲೂ ಅವನಿಗೆ ಸಿಗಲಿಲ್ಲ.

ಆಮೇಲೆ ಉಳಿದವರು ನೆನಪಾದರು. ಒಂಬತ್ತು ವರ್ಷದಲ್ಲಿ ಅವನ ಊರಿನವರೆಂದು ಹೇಳಿಕೊಂಡು ಬಂದವರು ಹೆಚ್ಚಿಲ್ಲ. ಒಬ್ಬ ಮೇಷ್ಟ್ರು, ಸೇತುವೆ ಎಂದಿದ್ದ. ಗಂಡ ಹೆಂಡತಿ ಇಬ್ಬರು, ಗಂಡ ದೋಣಿ ಎಂದ, ಹೆಂಡತಿ ಸೇತುವೆ ಎಂದಳು, ಇಬ್ಬರ ಮಾತೂ ತಾಳೆಯಾಗುತ್ತಿಲ್ಲ ಎಂದು ಬರೆದಿದ್ದ. ಇನ್ನೊಬ್ಬನ ದನಿ ಮಾತ್ರ ನೆನಪಿತ್ತು, ಕೆಮ್ಮುತ್ತಿದ್ದ. ಅವರೆಲ್ಲ ಎಲ್ಲಿದ್ದಾರೆ? ಗಡಿಯಾಚೆಯ ದೇಶದಲ್ಲಿ, ಅವರ ದೇಶವೆಂದು ಇವನು ಬರೆದುಕೊಟ್ಟ, ಅವರು ಹುಟ್ಟಾ ಕಾಣದ ದೇಶದಲ್ಲಿ. ಹೊಲಿಗೆಯವಳ ವಿಷಯ ಬಾಯಿ ಬಿಟ್ಟರೆ ಇವರೆಲ್ಲರ ಫೈಲುಗಳೂ ಏಳುತ್ತವೆ. ಅವು ಎದ್ದರೆ ಇವನದೇ ಹದಿನಾರು ವರ್ಷದ ಹಿಂದಿನ ಫೈಲು ಏಳುವುದಿಲ್ಲ ಎಂದು ಏನು ಖಾತ್ರಿ? ಅದರಲ್ಲಿ ಸುಳ್ಳೇನೂ ಇಲ್ಲ ಎಂದು ಅವನಿಗೆ ಗೊತ್ತು. ಗೊತ್ತಿದ್ದೂ ಅಂಗೈ ಬೆವರಿತು. ಬಚ್ಚಲಿಗೆ ಹೋಗಿ ಮುಖ ತೊಳೆದ. ಕನ್ನಡಿಯಲ್ಲಿ ಕಂಡದ್ದು ಬೆಳಿಗ್ಗೆ ರೈಲಿನಲ್ಲಿ ಟಿಕೆಟ್ ಕೇಳಿದವನು ನೋಡಿದ ಅದೇ ಮುಖ. ಆ ಟಿಕೆಟಿನವನು ಅವನೊಬ್ಬನಿಗೆ ಮಾತ್ರ ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಕಿವುಡನಿಗೆ ಹೇಳುವಂತೆ ಹೇಳಿದ್ದ. ಹದಿನಾರು ವರ್ಷದಿಂದ ಹೇಳುತ್ತಲೇ ಇದ್ದಾರೆ. ಇಷ್ಟು ದಿನ ಅದನ್ನು ನುಂಗಿಕೊಳ್ಳಲು ಅವನ ಹತ್ತಿರ ಒಂದು ಉಪಾಯವಿತ್ತು: ಇಲ್ಲಿಯವನಲ್ಲದಿದ್ದರೆ ಬೇಡ, ನಾನು ಅಲ್ಲಿಯವನು, ಅಲ್ಲಿಯವರು ಯಾರೆಂದು ಹೇಳಬೇಕಾದರೂ ಇವರಿಗೆ ನಾನೇ ಬೇಕು. ನಲ್ಲಿಯನ್ನು ನಿಲ್ಲಿಸಿ ಮತ್ತೆ ತೆರೆದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಅಪ್ಪನ ಮೇಲೆ ಸಿಟ್ಟು ಬಂತು, ಮತ್ತೆ ಸಿಟ್ಟು ಬಂದದ್ದಕ್ಕೇ ಹೇಸಿಗೆಯಾಯಿತು.

ಎರಡು ಗಂಟೆಗೆ ಪಕ್ಕದ ಮೇಜಿನವಳು ಬಿಸ್ಕತ್ತು ಕೊಟ್ಟಳು, ತಿಂದ. ಎರಡೂ ಕಾಲಿಗೆ ಎದ್ದು ಮೇಲಧಿಕಾರಿಯ ಕೋಣೆಯವರೆಗೆ ಹೋದ. ಬಾಗಿಲ ಗಾಜಿನಲ್ಲಿ ಅವಳು ಯಾರೊಡನೆಯೋ ಫೋನಿನಲ್ಲಿ ನಗುತ್ತಿರುವುದು ಕಂಡಿತು. ನಗುವಾಗ ನುಗ್ಗುವುದು ಸರಿಯಲ್ಲ ಎಂದುಕೊಂಡು ತಿರುಗಿ ಬಂದ. ನಾಲ್ಕಕ್ಕೆ ಇನ್ನೂ ಹೊತ್ತಿತ್ತು. ಕ್ಷೌರಿಕನ ವರದಿ ಬರೆದ: ಅಲ್ಲಿಯವನೇ. ಅದನ್ನು ಬರೆಯಲು ಐದು ನಿಮಿಷ ಹಿಡಿಯಿತು. ಆಮೇಲೆ ಮತ್ತೆ ಹಳದಿ ನಮೂನೆ. ಗೋಡೆಯ ಗಡಿಯಾರ ಮೂರು ದಾಟಿತು. ಮೂರೂವರೆ ದಾಟಿತು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ಧೈರ್ಯ ಬಂದು ಅಲ್ಲ, ಇನ್ನು ಕೂರಲಾಗದೆ, ಎರಡನೇ ಚೌಕಕ್ಕೆ ಗುರುತು ಹಾಕಿ, ಮೂರು ಗೆರೆಗಳಲ್ಲಿ ಮೊದಲು ಹೊಡೆದುಹಾಕಿದ್ದನ್ನೇ ಬರೆದ, ಸೇತುವೆ ಇರುವುದು ನನಗೆ ಗೊತ್ತಿರಲಿಲ್ಲ. ಒಂದೇ ಗೆರೆ ತುಂಬಿತು. ಎದ್ದು ಹೋದ.

ಮೇಲಧಿಕಾರಿ ಒಳ್ಳೆಯ ಹೆಂಗಸು. ಅವನ ಮಗಳ ಹುಟ್ಟಿದ ದಿನ ಅವಳಿಗೆ ನೆನಪಿರುತ್ತದೆ. ನಮೂನೆ ಓದಿ, ಕನ್ನಡಕ ತೆಗೆದು, "ಕೂತ್ಕೊಳ್ಳಿ," ಅಂದಳು. "ನೀರು ಬೇಕಾ?"

"ಬೇಡ. ಅವಳು ನಮ್ಮ ಕಡೆಯವಳೇ. ತಪ್ಪು ನನ್ನದು. ಅವಳನ್ನ ಕಳಿಸೋದನ್ನ ನಿಲ್ಲಿಸಬೇಕು."

ಅವಳು ಕಂಪ್ಯೂಟರಿನ ಕಡೆ ತಿರುಗಿ ಏನೋ ನೋಡಿದಳು. ನೋಡಿದ ಮೇಲೂ ಸ್ವಲ್ಪ ಹೊತ್ತು ಅದರ ಕಡೆಗೇ ತಿರುಗಿದ್ದಳು. "ವಿಮಾನ ಎರಡೂವರೆಗಿತ್ತು," ಎಂದಳು. "ಹೋಗಿ ಆಗಿದೆ."

"ನಾಲ್ಕರವರೆಗೆ ಸಮಯ ಇದೆ ಅಂತ ಬರೆದಿದೆಯಲ್ಲ?"

"ಅದು ಫೈಲು ಮುಚ್ಚೋಕೆ. ಮಧ್ಯಾಹ್ನದೊಳಗೆ ನಿಮ್ಮಿಂದ ಏನೂ ಬರದಿದ್ರೆ ಬದಲಾವಣೆ ಇಲ್ಲ ಅಂತಲೇ ತಿಳ್ಕೊಳ್ತಾರೆ. ಇಷ್ಟು ವರ್ಷ ನೀವು ಬದಲಾವಣೆ ಇದೆ ಅಂದಿದ್ದೇ ಇಲ್ಲವಲ್ಲ, ಅದಕ್ಕೆ ನಿಮಗೆ ಗೊತ್ತಾಗಿಲ್ಲ." ಅವಳ ದನಿಯಲ್ಲಿ ಒಂದಿಷ್ಟೂ ಚುಚ್ಚು ಇರಲಿಲ್ಲ. "ಎರಡು ಗಂಟೆಗೆ ಬಂದಿದ್ರೂ ಒಂದು ಫೋನ್ ಮಾಡಿ ನಿಲ್ಲಿಸ್ತಿದ್ದೆ."

ಎರಡೂ ಕಾಲಿಗೆ ಬಂದಿದ್ದೆ ಎಂದು ಅವನು ಹೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅವನ ಅಮ್ಮ ಹೇಳುತ್ತಿದ್ದಳು, ಸಣ್ಣಪುಟ್ಟದ್ದಕ್ಕೆಲ್ಲ, ಹಾಲು ಉಕ್ಕಿದ್ದಕ್ಕೆ. "ವಾಪಸು ಕರೆಸಬಹುದಾ?" ಎಂದು ಕೇಳಿದ.

"ಯಾರನ್ನ ಕೇಳೋದು? ಅಲ್ಲಿ ಇಳಿದ ಮೇಲೆ ಅವರು ಅಲ್ಲಿಯವರು. ವಿಳಾಸ ಇರಲ್ಲ." ಅವಳು ಬರೆದುಕೊಂಡಳು. "ಆರನೇ ಪ್ರಶ್ನೆ ತೆಗೆದುಹಾಕೋಣ. ನೀವು ಬೇರೆ ಒಂದು ಬರೆದುಕೊಡಿ, ಅವಸರ ಇಲ್ಲ. ಹಳೇ ಫೈಲುಗಳ ಚಿಂತೆ ಬೇಡ. ಒಂದು ಪ್ರಶ್ನೆಯಿಂದ ಯಾವ ತೀರ್ಮಾನವೂ ಆಗಿರಲ್ಲ, ಹತ್ತು ಪ್ರಶ್ನೆ ಇವೆ." ಈ ಒಂದು ಉತ್ತರವೇ ಸಾಕು ಎಂದು ತಾನು ಬರೆದದ್ದನ್ನು ಅವಳು ಓದಿಲ್ಲವೋ, ಓದಿಯೂ ಹೀಗೆ ಹೇಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ತನ್ನನ್ನು ಬೈಯಲಿ, ಕೆಲಸದಿಂದ ತೆಗೆಯಲಿ, ಕೆಳಗಿನ ಮಹಡಿಗೆ ಕರೆದುಕೊಂಡು ಹೋಗಿ ಕೂರಿಸಿ ಹತ್ತು ಪ್ರಶ್ನೆ ಕೇಳಲಿ ಎಂದು ಕಾದ. ಅವಳು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟು, "ಮನೆಗೆ ಹೋಗಿ. ದಣಿದಿದ್ದೀರಿ," ಎಂದಳು.

ರೈಲಿನಲ್ಲಿ ಕೂರಲು ಜಾಗವಿತ್ತು, ಕೂರಲಿಲ್ಲ. ಅವಳು ಈಗ ಆಕಾಶದಲ್ಲಿದ್ದಾಳೆ, ಅಕ್ಕಪಕ್ಕ ಇಬ್ಬರು ಕಾವಲಿನವರು. ಇಳಿದ ಮೇಲೆ ಅವರು ಅವಳ ಕೈಗೊಂದು ಕಾಗದ ಕೊಟ್ಟು ಹಿಂತಿರುಗುತ್ತಾರೆ. ಮಾತು ಅರ್ಥವಾಗುತ್ತದೆ, ಅದಕ್ಕೇನೂ ಕಷ್ಟವಿಲ್ಲ. ಯಾವ ಊರು ಎಂದು ಅಲ್ಲಿಯವರು ಕೇಳಿದಾಗ ಏನು ಹೇಳುತ್ತಾಳೆ? ನಿಜ ಹೇಳಿದರೆ ಅಲ್ಲಿಂದಲೂ ಓಡಿಸುತ್ತಾರೆ. ಸುಳ್ಳು ಹೇಳಲು ಅವಳ ಹತ್ತಿರ ಊರೇ ಇಲ್ಲ, ಅಲ್ಲಿನ ಒಂದು ಬೀದಿಯ ಹೆಸರೂ ಅವಳಿಗೆ ಗೊತ್ತಿಲ್ಲ. ಯಾರೋ ಇಳಿಯುವಾಗ ಭುಜಕ್ಕೆ ಭುಜ ತಾಗಿಸಿ ಕ್ಷಮಿಸಿ ಎಂದರು. ಇವನೂ ಕ್ಷಮಿಸಿ ಎಂದ, ಇಡೀ ದಿನದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಮನೆಯಲ್ಲಿ ಮಗಳು ಅಡಿಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಹೆಂಡತಿ ಕೆಲಸದಿಂದ ಬರುವುದು ಏಳಕ್ಕೆ. ಬಾಲ್ಕನಿಗೆ ಹೋಗಿ ನಿಂತ. ಅವತ್ತು ಗುರುವಾರ. ಫೋನು ಮಾಡುವುದು ಬೇಡ ಎಂದುಕೊಂಡ, ಹದಿನಾರು ವರ್ಷದಲ್ಲಿ ಮೊದಲ ಸಲ. ಆರು ಗಂಟೆ ಹತ್ತು ನಿಮಿಷಕ್ಕೆ ಅಪ್ಪನೇ ಮಾಡಿದ.

"ಏನ್ ಮಗಾ, ಮರೆತುಬಿಟ್ಯಾ? ಹುಷಾರಾಗಿದ್ದೀಯಾ?"

"ಹುಷಾರಾಗಿದ್ದೀನಿ ಅಪ್ಪಾ. ಕೆಲಸ ಇತ್ತು." ಎಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿ, "ಭಾವನ ಕಾಲು ಹೇಗಿದೆ?" ಎಂದ.

"ಅದಾ? ಅದು ಕೂಡಿಕೊಂಡು ವರ್ಷ ಆಯ್ತಲ್ಲ. ಯಾರು ಹೇಳಿದ್ರು? ನಿಮ್ಮ ಅಕ್ಕನಾ?" ಅಪ್ಪ ಅಲ್ಲಿಗೇ ತಡೆದ. ಇವನು ಕೇಳಲಿ ಎಂದು ಕಾಯುತ್ತಿರುವುದು ಗೊತ್ತಾಗುತ್ತಿತ್ತು. ಇವನು ಕೇಳದಿದ್ದಾಗ ತಾನೇ ಹೇಳಿದ, "ದೋಣಿ ಚೆನ್ನಾಗಿದೆ ಕಣಪ್ಪಾ. ಬೆಳಿಗ್ಗೆಯಿಂದ ಐದು ಸಲ ಹೋಗಿ ಬಂದೆ."

"ಹೌದಾ."

"ಹ್ಞೂಂ. ನೋಡು, ಒಂದು ಕೇಳಬೇಕು ಅಂತ ಎಷ್ಟು ದಿನದಿಂದ ಅಂದ್ಕೊಳ್ತಿದ್ದೆ, ಮರ್ತೇ ಹೋಗುತ್ತೆ. ಆಚೆ ದಡದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳಲ್ಲ ಒಂದು ಹೆಣ್ಣುಮಗಳು, ನೀನಿದ್ದಾಗ ಚಿಕ್ಕವಳು, ಅವಳ ಗಂಡನ್ನ ಪೊಲೀಸರು ಕರ್ಕೊಂಡು ಹೋದರು, ಆಮೇಲೆ ಅವಳ ಅಂಗಡಿಗೂ ಬರೋಕೆ ಶುರು ಮಾಡಿದರು. ಬಂದು ನನ್ನ ಹತ್ರ ಅತ್ತಳು. ನಾನೇ ಹೇಳ್ದೆ, ನನ್ನ ಮಗ ಇರೋ ದೇಶಕ್ಕೆ ಹೋಗು ಅಂತ. ಅಲ್ಲಿ ನಮ್ಮ ಕಡೆಯವರ ಮಾತು ಕೇಳಿ ಹೌದು ಅಲ್ಲ ಅನ್ನೋದೇ ಅವನ ಕೆಲಸ, ಏನೂ ಹೆದರ್ಬೇಡ, ಬಾಯಿಗೆ ಬಂದ ಹಾಗೆ ಧೈರ್ಯವಾಗಿ ಮಾತಾಡು, ಕೇಳ್ತಿರೋನು ನಮ್ಮೋನೇ ಅಂದೆ. ನಾನೇ ದೋಣಿಯಲ್ಲಿ ಈಚೆ ದಡಕ್ಕೆ ತಂದು ಬಸ್ ಹತ್ತಿಸ್ದೆ. ಸಿಕ್ಕಿದ್ಳೇನೋ?"

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಬೀಗ ಹಾಕುತ್ತಿದ್ದರು. ಒಂದು ಸಲ ಹಾಕಿ, ಎಳೆದು ನೋಡಿ, ಮತ್ತೆ ಹಾಕಿದರು.

"ಕೇಳಿಸ್ತಾ ಮಗಾ? ಅವಳಮ್ಮ ದಿನಾ ಕೇಳ್ತಾಳೆ. ಏನಾದ್ರೂ ಸುದ್ದಿ ಇದೆಯಾ ಅಂತ ನನ್ನ ಮುಖ ನೋಡ್ತಾಳೆ."

"ಸಿಕ್ಕಿದ್ಳು ಅಪ್ಪಾ," ಎಂದ. ಅಪ್ಪನ ದನಿಯೇ ತನ್ನ ಬಾಯಿಂದ ಬಂದಂತಾಯಿತು, ಅಷ್ಟು ಸಲೀಸಾಗಿ ಬಂತು. "ಚೆನ್ನಾಗಿದ್ದಾಳೆ."

"ನನಗ್ಗೊತ್ತಿತ್ತು!" ಅಪ್ಪ ಕೂಗಿದ. "ನನ್ನ ಮಗ ಇರುವಾಗ ಏನಾಗುತ್ತೆ ಅಂತ ನಾನು ಅಂದಿದ್ದೆ. ಇರು, ಇಡ್ತೀನಿ. ಈಗಲೇ ಹೋಗಿ ಹೇಳಿ ಬರ್ತೀನಿ, ಸೇತುವೆ ದಾಟಿದ್ರೆ ಅವಳಮ್ಮನ ಮನೆ, ಹತ್ತು ನಿಮಿಷ."

"ಅಪ್ಪಾ, ನಿಲ್ಲು. ಅಪ್ಪಾ."

ಫೋನು ಸತ್ತಿತ್ತು. ಮತ್ತೆ ಹಚ್ಚಿದ. ಗಂಟೆ ಬಾರಿಸಿ ಬಾರಿಸಿ ತಾನೇ ನಿಂತಿತು. ಮತ್ತೊಮ್ಮೆ ಹಚ್ಚಿದಾಗ ಅಕ್ಕ ಎತ್ತಿದಳು. ಅವಳ ದನಿಯಲ್ಲಿ ನಗು ತುಂಬಿತ್ತು.

"ಅಪ್ಪ ಆಗಲೇ ಹೊರಟುಹೋದ ಕಣೋ. ಫೋನ್ ಇಲ್ಲೇ ಬಿಟ್ಟು, ಚಪ್ಪಲಿನೂ ಮೆಟ್ಟದೆ ಓಡಿದ. ಅಷ್ಟು ಖುಷಿಯಾಗಿ ಅವನನ್ನ ನೋಡಿ ಎಷ್ಟು ವರ್ಷ ಆಗಿತ್ತು. ಏನೋ ಹೇಳ್ದೆ ಅವನಿಗೆ?"